ಕಾನ್ಫಿಗ್ ಫೈಲ್ ಕಾಟ: ಎಲ್ಲಾ ಒಂದೇ ಫಾರ್ಮ್ಯಾಟ್ ಆದ್ರೆ ತಪ್ಪುತ್ತಾ?

ರೂಟ್‌ರಾಯ: ಉಬುಂಟು 22.04 ಸರ್ವರ್, ಎಸ್‌ಎಸ್‌ಎಚ್‌ಡಿ (ದೂರದಿಂದ ಲಾಗಿನ್ ಆಗೋಕೆ ಬಿಡೋ ಪ್ರೋಗ್ರಾಮ್) ಕಾನ್ಫಿಗ್‌ನಲ್ಲಿ, ಅಂದ್ರೆ ಸೆಟ್ಟಿಂಗ್ ಫೈಲ್‌ನಲ್ಲಿ, ಪಾಸ್‌ವರ್ಡ್ ಲಾಗಿನ್‌ಗೆ 'ನೋ' ಅಂತ ಹಾಕಿ ರಿಸ್ಟಾರ್ಟ್ ಮಾಡಿ ಮಲ್ಕೊಂಡೆ, ಬೆಳಿಗ್ಗೆ ನೋಡಿದ್ರೆ ನಮ್ ಟೀಮ್ ಹುಡುಗ ಪಾಸ್‌ವರ್ಡ್ ಹೊಡ್ದು ಆರಾಮಾಗಿ ಒಳಗೆ ಕೂತಿದಾನೆ. ಫೈಲ್ ನಾಲ್ಕು ಸಲ ತೆಗ್ದು ನೋಡ್ದೆ, 'ನೋ' ಅಂತಾನೇ ಇದೆ. ವೆಬ್ ಸರ್ವರ್‌ಗಳಲ್ಲಿ ಎನ್‌ಜಿನೆಕ್ಸ್‌ಗೆ ಸೆಮಿಕೋಲನ್, ಅಪಾಚೆಗೆ ಟ್ಯಾಗು, ಇದಕ್ಕೆ ಬರೀ ಸ್ಪೇಸು. ಎಲ್ಲಾನೂ ಯಾಮಲ್ ಅನ್ನೋ ಒಂದೇ ಫಾರ್ಮ್ಯಾಟ್‌ಗೆ ತಂದ್ಬಿಟ್ರೆ ಅಡ್ಮಿನ್‌ಗಳಿಗೆ ಸುಲಭ ಆಗಲ್ವಾ?

ಹುಬ್ಳಿ ಹುಡ್ಗ: ಯಾಮಲ್ ಅಂತೂ ಬ್ಯಾಡ್ರಿ ಯಪ್ಪಾ! ಟ್ಯಾಬ್ ಹೊಡದ್ರ ಎರರ್. ದೇಶದ ಕೋಡ್ ಬರಿಯೂ ಮುಂದ ನಾರ್ವೆಗೆ ಎನ್‌ಓ ಅಂತ ಕೋಟ್ಸ್ ಇಲ್ದ ಹಾಕ್ರಿ, ಅದು ಫಾಲ್ಸ್ ಆಗಿ ಕುಂದರ್ತದ. ಪೋರ್ಟ್ 22:22 ಅಂತ ಬರದ್ರ ಅರವತ್ತರ ಲೆಕ್ಕಾ ಹಾಕಿ 1342 ಮಾಡ್ತದ. ಟಾಮಲ್ ಅನ್ನೂ ಇನ್ನೊಂದ್ ಫಾರ್ಮ್ಯಾಟ್ ಆದ್ರ ಒಂದ್ ಮಾತು.

ಮೈಸೂರ್‌ಪಾಕ್: ಅದು ಯಾಮಲ್‌ನ ಹಳೇ 1.1 ವರ್ಷನ್ ಕಥೆ ಸಾರ್, 2009ರಲ್ಲೇ 1.2 ಬಂದು ಅದನ್ನೆಲ್ಲ ತೆಗ್ದಾಯ್ತು.

ಹುಬ್ಳಿ ಹುಡ್ಗ: ಪುಸ್ತಕದಾಗ ತಗದಾರ್ರಿ. ಪೈಥಾನ್‌ದಾಗ ಯಾಮಲ್ ಓದೂ ಪೈಯಾಮಲ್ ಇನ್ನೂ 1.1 ಹಿಡಕೊಂಡs ಕುಂತದ.

ನೈಟ್‌ಶಿಫ್ಟ್: ಇಬ್ರೂ ಯಾಮಲ್ ಹಿಡ್ಕೊಂಡು ಜಗ್ಗಾಡ್ತಿದೀರ, ರಾಯರ ತೊಂದ್ರೆ ಫಾರ್ಮ್ಯಾಟ್‌ದಲ್ವೇ ಅಲ್ಲ. ಆ ಫೈಲ್‌ನ ಮೇಲ್ಗಡೆನೇ ಒಂದು ಇನ್‌ಕ್ಲೂಡ್ ಸಾಲಿದೆ ನೋಡಿ, ಅದು ಪಕ್ಕದ ಡಾಟ್-ಡಿ ಫೋಲ್ಡರ್ (ಹೆಸರು '.d' ಅಂತ ಮುಗಿಯೋದು) ಓದುತ್ತೆ, ಅಲ್ಲಿ 50 ನಂಬರಿನ ಕ್ಲೌಡ್-ಇನಿಟ್ (ಹೊಸ ಸರ್ವರ್ ಸೆಟಪ್ ಮಾಡೋ ಪ್ರೋಗ್ರಾಮ್) ಫೈಲ್ 'ಯೆಸ್' ಅಂತ ಹೇಳಿ ಆಗೋಗಿರುತ್ತೆ. ಎಸ್‌ಎಸ್‌ಎಚ್‌ಡಿ ಮೊದ್ಲು ಸಿಕ್ಕಿದ್ದನ್ನೇ ಹಿಡ್ಕೊಳ್ಳೋದು, ಆಮೇಲೆ ನೀವು ನೂರು ಸಲ 'ನೋ' ಅಂದ್ರೂ ಕೇಳಲ್ಲ. ಸರ್ವೀಸ್‌ಗಳನ್ನ ನಡೆಸೋ ಸಿಸ್ಟಮ್‌ಡಿಗೆ ಹೀಗೇ ಪಕ್ಕದಲ್ಲಿ ಸೇರಿಸೋ ಡ್ರಾಪ್-ಇನ್ ಫೈಲ್‌ಗಳಲ್ಲಿ ಉಲ್ಟಾ, ಕೊನೇಲಿ ಬಂದಿದ್ದೇ ಗೆಲ್ಲೋದು. ಯಾಮಲ್‌ನಲ್ಲಿ ಬರೆದಿದ್ರೂ ಇದೇ ಗತಿ.

ಮೈಸೂರ್‌ಪಾಕ್: ಹಾಗಾದ್ರೆ ಡಾಟ್-ಡಿ ಫೋಲ್ಡರೇ ಬೇಡ, ಒಂದೇ ಫೈಲ್ ಇರ್ಲಿ!

ನೈಟ್‌ಶಿಫ್ಟ್: ಅಯ್ಯೋ, ಪ್ಯಾಕೇಜ್ ಕೊಟ್ಟ ಫೈಲನ್ನೇ ತಿದ್ದಿದ್ರೆ ಅಪ್‌ಗ್ರೇಡ್ ಮಾಡುವಾಗ 'ನಿಮ್ದು ಇಟ್ಕೊಳ್ಲಾ, ಪ್ಯಾಕೇಜ್‌ದು ಹಾಕ್ಲಾ' ಅಂತ ಡೆಬಿಯನ್ ಕೇಳೋದು ಮರ್ತೋಯ್ತಾ? ಫೋಲ್ಡರ್ ಇರ್ಲಿ. ಆದ್ರೆ ಈಗ ನಿಜವಾಗ್ಲೂ ಯಾವ ವ್ಯಾಲ್ಯೂ ನಡೀತಿದೆ, ಅದು ಯಾವ ಫೈಲಿಂದ ಬಂತು ಅಂತ ಪ್ರೋಗ್ರಾಮೇ ಹೇಳ್ಬೇಕು. ಗಿಟ್ ಕಾನ್ಫಿಗ್‌ಗೆ ಶೋ-ಒರಿಜಿನ್ ಆಪ್ಷನ್ ಕೊಟ್ರೆ ಫೈಲ್ ಹೆಸರು ಸಮೇತ ಹೇಳುತ್ತೆ. ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್‌ನಲ್ಲಿ ವ್ಯಾಲ್ಯೂ ತೋರ್ಸೋಕೆ ಪೋಸ್ಟ್‌ಕಾನ್ಫ್ ಇದೆ. ರಾಯರೇ, ಎಸ್‌ಎಸ್‌ಎಚ್‌ಡಿಗೆ ಸುಡೋ (ಅಡ್ಮಿನ್ ಅಧಿಕಾರ) ಜೊತೆ ಕ್ಯಾಪಿಟಲ್ ಟಿ ಆಪ್ಷನ್ ಕೊಟ್ಟು ನೋಡಿ, ಕೊನೆಗೆ ನಿಂತ ವ್ಯಾಲ್ಯೂ ಕಾಣುತ್ತೆ. ಸ್ಮಾಲ್ ಟಿ ಬರೀ ಸ್ಪೆಲ್ಲಿಂಗ್ ಚೆಕ್ ಇದ್ದಂಗೆ.

ಹುಬ್ಳಿ ಹುಡ್ಗ: ಇದು ಖರೇ. ಉಬುಂಟುದಾಗ ನೆಟ್‌ವರ್ಕ್ ಸೆಟ್ಟಿಂಗ್ ಮಾಡೂ ನೆಟ್‌ಪ್ಲಾನ್‌ಗೆ 'ಟ್ರೈ' ಅಂದ್ರ 120 ಸೆಕೆಂಡ್ ಕಾಯ್ತದ, ನೀವು ಎಂಟರ್ ಹೊಡೀಲಿಲ್ಲಂದ್ರ ಹಳೇದಕ್ಕ ವಾಪಸ್ ಹೋಗ್ತದ. ಹಂಗ ಎಲ್ಲಾದ್ರಾಗೂ ಇರಬೇಕ್ರಿ. ಆದ್ರೂ ಯಾಮಲ್ ಬ್ಯಾಡ. (ಹೌದ್ರಿ, ನೆಟ್‌ಪ್ಲಾನೂ ಯಾಮಲ್ಲೇ, ಗೊತ್ತೈತಿ, ನಗಬ್ಯಾಡ್ರಿ.)

ರೂಟ್‌ರಾಯ: ಕ್ಯಾಪಿಟಲ್ ಟಿ ಹೊಡ್ದೆ. 'ಯೆಸ್' ಅಂತಿದೆ. ಆ 50ನೇ ಫೈಲ್ ಎತ್ತಿ ಬಿಸಾಕ್ಲಾ?

ನೈಟ್‌ಶಿಫ್ಟ್: ಬೇಡ, ಅದೇ ಫೋಲ್ಡರ್‌ನಲ್ಲಿ 10 ಅಂತ ಶುರುವಾಗೋ ನಿಮ್ದೊಂದು ಫೈಲಲ್ಲಿ 'ನೋ' ಅಂತ ಹಾಕಿ, ಅದನ್ನ 50ಕ್ಕಿಂತ ಮೊದ್ಲು ಓದುತ್ತೆ. ಪಾಸ್‌ವರ್ಡ್ ಬದ್ಲು ಎಸ್‌ಎಸ್‌ಎಚ್ ಕೀ ಫೈಲ್ ಇಟ್ಟು ಲಾಗಿನ್ ಆಗತ್ತೆ ಅಂತ ಇನ್ನೊಂದು ಟರ್ಮಿನಲ್‌ನಲ್ಲಿ ನೋಡೋವರೆಗೂ ಈಗಿರೋದನ್ನ ಮುಚ್ಬೇಡಿ.