ಮೇಲೆ ಹತ್ತೋದು ಯಾರು?

"ಅಲ್ಲ ಕಣೇ, ಎತ್ತರ ಅಂದ್ರೆ ನಡುಗೋ ಹುಡುಗಿ ಚಿಯರ್‌ಲೀಡಿಂಗ್ ಕ್ಲಬ್ ಶುರು ಮಾಡ್ತೀನಿ ಅಂತಾಳಲ್ಲ, ಇದಕ್ಕೇನಾದ್ರೂ ಅರ್ಥ ಇದ್ಯಾ?"

ಮೊದಲ ಎಪಿಸೋಡ್ ಇನ್ನೂ ಮುಗಿದಿರಲಿಲ್ಲ. ಆಗಲೇ ನಾಗ ತಕರಾರು ತೆಗೆದ. "ನೀರು ಕಂಡ್ರೆ ಆಗದವನು ದೋಣಿ ನಡೆಸ್ತೀನಿ ಅಂದ ಹಾಗಾಯ್ತು."

"ಅದೇ ಕಥೆ ಕಣೋ," ಅಂದಳು ಸುಮಾ. "ಹೆದರಿಕೆ ಇಲ್ದಿದ್ರೆ 12 ಎಪಿಸೋಡ್ ಯಾಕೆ ಬೇಕಿತ್ತು?"

ನಾವು ನೋಡುತ್ತಿದ್ದದ್ದು ‘ಅನಿಮಾ ಯೆಲ್!’. 2018ರ ಅಕ್ಟೋಬರ್‌ನಲ್ಲಿ ಬಂದ ಜಪಾನಿನ ಅನಿಮೆ, ಅಂದರೆ ಕಾರ್ಟೂನ್ ಸರಣಿ. ನಾಯಕಿ ಕೊಹಾನೆ. ಯಾರಿಗಾದರೂ ಸಹಾಯ ಮಾಡದಿದ್ದರೆ ಇವಳಿಗೆ ತಿಂದ ಅನ್ನ ಅರಗುವುದಿಲ್ಲ. ಇನ್ನೇನು ಹೈಸ್ಕೂಲಿಗೆ ಸೇರಬೇಕು ಅನ್ನುವಾಗ ಒಂದು ಚಿಯರ್ ತಂಡವನ್ನು ನೋಡುತ್ತಾಳೆ. ಅಷ್ಟೇ, ಹುಚ್ಚು ಹಿಡಿಯಿತು. ಹೊಸ ಶಾಲೆಯಲ್ಲಿ ಚಿಯರ್ ಗೊತ್ತಿರುವ ಹಿಜುಮೆಯ ಬೆನ್ನು ಬೀಳುತ್ತಾಳೆ. ಹಿಜುಮೆಗೆ ಕೈಕಾಲು ಎಲ್ಲ ಚುರುಕು, ಮುಖ ಮಾತ್ರ ಸದಾ ಪರೀಕ್ಷೆ ಬರೆಯಲು ಹೊರಟ ಹಾಗೆ ಗಂಭೀರ. ಇನ್ನು ಉಕಿ, ಕೊಹಾನೆಯ ಬಾಲ್ಯದ ಗೆಳತಿ. "ಇವಳು ಎಲ್ಲಿ ಬಿದ್ದು ಏನು ಮಾಡ್ಕೊಳ್ತಾಳೋ" ಅನ್ನುವ ಚಿಂತೆಯೇ ಅವಳ ಫುಲ್‌ಟೈಮ್ ಕೆಲಸ.

"ನನಗೆ ಚಿಯರ್‌ಲೀಡಿಂಗ್ ಗೊತ್ತಿಲ್ವಾ?" ನಾಗ ಎದೆ ಉಬ್ಬಿಸಿದ. "2008ರಿಂದ ಐಪಿಎಲ್ ನೋಡ್ತಾ ಇದ್ದೀನಿ."

ಮಂಜುಗೆ ಹಳೇ ಗಾಯ ಕೆರೆದ ಹಾಗಾಯಿತು. "ಆ ವರ್ಷದ ಮಾತು ಎತ್ಬೇಡ. ಏಪ್ರಿಲ್ 18, ಚಿನ್ನಸ್ವಾಮಿಯಲ್ಲಿ ಮೊದಲನೇ ಮ್ಯಾಚು. ಅಮೆರಿಕದಿಂದ ವಾಷಿಂಗ್ಟನ್ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳನ್ನೇ ಕರೆಸಿದ್ರು ನಮ್ಮ ಆರ್‌ಸಿಬಿಯವರು. ಆ ಕಡೆ ಮೆಕಲಮ್ ಒಬ್ಬನೇ 158. ನಾವು 11 ಜನ ಸೇರಿ 82."

"ಅದರಲ್ಲೂ 19 ಎಕ್ಸ್‌ಟ್ರಾ," ನಾನು ನೆನಪಿಸಿದೆ. ಸ್ನೇಹಿತರು ಇರುವುದೇ ಇಂಥದ್ದಕ್ಕೆ ಅಲ್ವಾ.

"ಪಾಪ, ಅಷ್ಟು ದೂರದಿಂದ ಬಂದವರಿಗೆ ಆವತ್ತು ಕುಣಿಯೋಕೆ ಕಾರಣವೇ ಸಿಕ್ಕಿರಲ್ಲ," ಅಂದಳು ಸುಮಾ. "ಆದ್ರೆ ಬೌಂಡರಿ ಪಕ್ಕದ ಆ ಡ್ಯಾನ್ಸ್ ಬೇರೆ, ಇದು ಬೇರೆ. ಇದರಲ್ಲಿ ಎತ್ತೋದು, ಎಸೆಯೋದು, ಹಿಡಿಯೋದು ಎಲ್ಲಾ ಇದೆ. ಸ್ಪರ್ಧೆ, ಮಾರ್ಕ್ಸು ಎಲ್ಲಾ ಉಂಟು. 2021ರಲ್ಲಿ ಒಲಿಂಪಿಕ್ ಸಮಿತಿಯವರೇ ಮಾನ್ಯತೆ ಕೊಟ್ಟಿದ್ದಾರೆ."

"ಏನೇ ಇರ್ಲಿ, ಹುಡುಗೀರ ಆಟ," ನಾಗ ತೀರ್ಪು ಕೊಟ್ಟ.

ಇದಕ್ಕೇ ಕಾದಿದ್ದೆ. "ಶುರು ಮಾಡಿದ್ದು ಗಂಡಸರೇ ಮಾರಾಯ. 1898ರಲ್ಲಿ, ಅಮೆರಿಕದ ಮಿನೆಸೋಟಾ ಯೂನಿವರ್ಸಿಟಿಯಲ್ಲಿ. ತಂಡ ಸೋತು ಸೋತು ಸುಣ್ಣವಾಗಿತ್ತು. ಜಾನಿ ಕ್ಯಾಂಪ್‌ಬೆಲ್ ಅಂತ ಒಬ್ಬ ವಿದ್ಯಾರ್ಥಿ ಜನರ ಮುಂದೆ ನಿಂತು ಎಲ್ಲರನ್ನೂ ಒಟ್ಟಿಗೆ ಕೂಗಿಸಿದ. ಹುಡುಗಿಯರು ಬಂದದ್ದು 1920ರ ದಶಕದಲ್ಲಿ. ಜಪಾನಿನಲ್ಲೂ ಅಷ್ಟೇ, ಕಪ್ಪು ಯೂನಿಫಾರ್ಮ್ ಹಾಕಿ, ದೊಡ್ಡ ನಗಾರಿ ಬಾರಿಸಿ, ಗಂಟಲು ಹರಿಯೋ ಹಾಗೆ ಕೂಗೋ ಹುಡುಗರ ತಂಡಗಳು ಹಿಂದಿನಿಂದಲೂ ಇವೆ. ಓಯೆಂದಾನ್ ಅಂತಾರೆ."

"ನಗಾರಿ ಇದ್ರೆ ಓಕೆ," ಅಂದ ನಾಗ. ಅವನು ಒಪ್ಪಿಕೊಳ್ಳುವ ರೀತಿಯೇ ಹಾಗೆ.

ಮೊದಲ ನೋಟಕ್ಕೆ ಹೇಳಬೇಕೆಂದರೆ, ಸಕ್ಕರೆ ಸ್ವಲ್ಪ ಜಾಸ್ತಿ. ಎಲ್ಲರ ಕೆನ್ನೆಯೂ ಗುಲಾಬಿ. ಕಣ್ಣುಗಳಂತೂ ಮುಖದ ಅರ್ಧಭಾಗ. ಬಣ್ಣ, ಬೆಳಕು ಬಲು ಚೆಂದ. ಮಾಡಿದ್ದು ದೋಗಾ ಕೋಬೋ ಸ್ಟುಡಿಯೋ, ಇಂಥ ಬೆಚ್ಚಗಿನ ಹುಡುಗಾಟದ ಕಥೆಗಳಲ್ಲಿ ಪಳಗಿದ ಕೈ. ಮೂಲ ಕಥೆ ಪತ್ರಿಕೆಯಲ್ಲಿ ಬಂದ ನಾಲ್ಕು ಚೌಕದ ಕಾಮಿಕ್ಸ್. ಅಲ್ಲಿ ನಾಲ್ಕನೇ ಚೌಕಕ್ಕೆ ನಗಿಸಲೇಬೇಕು. ಆ ಚಾಳಿ ಅನಿಮೆಗೂ ಹತ್ತಿದೆ. ಅರ್ಧ ನಿಮಿಷಕ್ಕೊಂದು ಜೋಕು ಬರುತ್ತದೆ. ಒಂದು ಸಪ್ಪೆ ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಕೂತಿರುತ್ತದೆ. ವಿಲನ್ ಇಲ್ಲ. ಕಪ್ ಗೆಲ್ಲಲೇಬೇಕು ಅಂತ ಹಲ್ಲು ಕಡಿಯುವವರೂ ಇಲ್ಲ.

ನನಗೆ ಹಿಡಿಸಿದ್ದು ಹಿಜುಮೆ. ಅವಳು ಜೋಕ್ ಮಾಡುವುದೇ ಇಲ್ಲ. ಸೀರಿಯಸ್ಸಾಗಿ ಒಂದು ಮಾತು ಆಡುತ್ತಾಳೆ, ನಗು ನಮಗೆ ಬರುತ್ತದೆ. ನಗುನಗುತ್ತಾ ಹುರಿದುಂಬಿಸಬೇಕಾದ ಆಟದಲ್ಲಿ ಎಲ್ಲ ಬಲ್ಲವಳಿಗೆ ನಗುವೇ ಸುಲಭವಲ್ಲ. ಏನೂ ಬಾರದವಳು ಮಾತ್ರ ಬಾಯಿ ತುಂಬ ನಗುತ್ತಾಳೆ. ಎತ್ತರದ ಹೆದರಿಕೆಗಿಂತ ಈ ಎಳೆಯೇ ಗಟ್ಟಿ ಅನ್ನಿಸಿತು.

ಸುಮಾ ಎದ್ದು ನಿಂತಳು. ಎರಡೂ ತೋಳು ಮೇಲೆತ್ತಿ ಇಂಗ್ಲಿಷಿನ ವಿ ಆಕಾರ ಮಾಡಿದಳು. "ನೋಡಿ, ಇದು ಹೈ ವಿ. ಮುಷ್ಟಿ ಬಿಗಿ ಇರ್ಬೇಕು. ಮಣಿಕಟ್ಟು ಒಂಚೂರೂ ಮಡಚಬಾರದು."

ನಾವೂ ಮಾಡಿದೆವು. ಸೋಫಾದಲ್ಲಿ ಕೂತೇ. ಅರ್ಧ ನಿಮಿಷಕ್ಕೆ ಭುಜ ಉರಿಯತೊಡಗಿತು. ಮಂಜುವಿನ ಕೈ ಬಸ್ಸಿನ ಕಂಬಿ ಹಿಡಿದವನ ಹಾಗೆ ಬಾಗಿತ್ತು. "ಸರಿ ಬಿಡು, ಅವರು ಮಾಡೋದು ಸುಮ್ನೆ ಅಲ್ಲ," ಅಂದ.

"ಈಗ ನೀವೇ ಹೇಳಿ, ಇವರು ಮೂರೇ ಜನ," ಸುಮಾ ಲೆಕ್ಕ ಹಾಕಿದಳು. "ಒಬ್ಬಳನ್ನ ಸರಿಯಾಗಿ ಎತ್ತೋಕೆ ಸಾಮಾನ್ಯವಾಗಿ ನಾಲ್ಕು ಜನ ಬೇಕು. ಕೆಳಗೆ ಇಬ್ಬರು ಬೇಸ್, ಅವರು ಪಾದ ಹಿಡ್ಕೋಬೇಕು. ಹಿಂದೆ ಒಬ್ಬರು ಸ್ಪಾಟ್, ಬಿದ್ರೆ ತಲೆ, ಕತ್ತು ಕಾಯೋರು. ಮೇಲೆ ಟಾಪ್. ಮುಂದೆ ಜನ ಸೇರಿದ್ಮೇಲೆ ಮೇಲೆ ಹತ್ತೋದು ಯಾರು?"

"ಕೊಹಾನೆಯೇ," ಅಂದ ಮಂಜು. "ಹೆದರೋಳನ್ನ ಹತ್ತಿಸದೇ ಇದ್ರೆ ಡೈರೆಕ್ಟರಿಗೆ ನಿದ್ದೆ ಬರುತ್ತಾ?"

"ಅವಳು ಕೆಳಗೇ ಇರಲಿ," ನಾಗ ಇದ್ದಕ್ಕಿದ್ದ ಹಾಗೆ ಬಿಸಿಯಾದ. "ಕೆಳಗಿರೋರ ಕಷ್ಟ ಯಾರಿಗೆ ಗೊತ್ತು? ಸ್ಕೂಲಲ್ಲಿ ಆಗಸ್ಟ್ 15ಕ್ಕೆ ಪಿರಮಿಡ್ ಮಾಡಿಸ್ತಿದ್ರು. ಪ್ರತಿ ವರ್ಷ ನಾನು ಕೆಳಗಿನ ಸಾಲು. ಮೊಣಕಾಲ ಕೆಳಗೆ ಜಲ್ಲಿ, ಬೆನ್ನ ಮೇಲೆ ಇಬ್ಬರು. ತುದಿಯಲ್ಲಿ ಬಾವುಟ ಹಿಡಿದವನಿಗೆ ಚಪ್ಪಾಳೆ. ಫೋಟೋದಲ್ಲಿ ನಾನು ಬಂದಿರೋದು ಒಂದು ಕಿವಿ ಮಾತ್ರ."

"ಅದು ನಿನ್ನ ಕಿವಿಯೇ ಅಂತ ಗ್ಯಾರಂಟಿ ಇದ್ಯಾ?" ಮಂಜು ಕೇಳಿದ.

ಅಷ್ಟರಲ್ಲಿ ನಾಗನ ಅಮ್ಮ ಚುರುಮುರಿ ತಂದಿಟ್ಟರು. ಎರಡು ನಿಮಿಷ ಟಿವಿ ನೋಡಿದರು. "ಏನ್ರೋ ಇದು? ಈ ಮಕ್ಕಳು ಯಾರು ಆಡ್ತಾರೆ ಅಂತ ಕೂಗೋದು?"

ಒಳ್ಳೆಯ ಪ್ರಶ್ನೆ. ಕ್ಲಬ್ ಕಟ್ಟುವ ಉತ್ಸಾಹದಲ್ಲಿ ಯಾವ ಆಟ, ಯಾರ ಮ್ಯಾಚು ಅನ್ನುವುದು ಹಿಂದೆ ಬಿದ್ದಿತ್ತು.

"ಆಟಾನೇ ಬೇಕು ಅಂತಿಲ್ಲ ಆಂಟಿ," ಸುಮಾ ವಕಾಲತ್ತು ವಹಿಸಿದಳು. "ಕಷ್ಟದಲ್ಲಿರೋರು ಯಾರೇ ಆದ್ರೂ ಸರಿ, ಹುರುಪು ತುಂಬೋದು."

"ಹಾಗಾದ್ರೆ ನನ್ನ ಕಷ್ಟ ಕೇಳಿ. ಅಟ್ಟದ ಮೇಲೆ ಹಪ್ಪಳದ ಡಬ್ಬ ಇದೆ, ಕೈಗೆ ಸಿಗ್ತಿಲ್ಲ. ನಾಲ್ಕು ಜನ ಇದ್ದೀರಲ್ಲ, ಇಳಿಸಿಕೊಡಿ."

ನಾಲ್ಕು ಜನ. ಇಬ್ಬರು ಬೇಸ್, ಒಬ್ಬ ಸ್ಪಾಟ್, ಒಬ್ಬ ಟಾಪ್. ಲೆಕ್ಕ ಕರೆಕ್ಟಾಗಿತ್ತು. ನಾಲ್ವರೂ ಒಟ್ಟಿಗೇ ಅಂದೆವು, "ನಾನು ಸ್ಪಾಟ್."

ಅಮ್ಮ ಸ್ಟೂಲ್ ತರಲು ಹೋದರು.