ಅಪ್‌ಡೇಟ್: ಬೇರೆಯಾಗುವಾಗ ಜಂಟಿ ಸಾಲದ ಮನೆ ಏನು ಮಾಡಬೇಕು?

ಕುವೆಂಪುನಗರದ ಫ್ಲ್ಯಾಟ್ ನನ್ನ, ನನ್ನ ಗಂಡನ ಇಬ್ಬರ ಹೆಸರಲ್ಲಿದೆ, ಸಾಲವೂ ಜಂಟಿ, ಮಗಳು ಅಲ್ಲೇ ಹತ್ತಿರ ಓದ್ತಾಳೆ, ಮಾರೋದಾ ಇಟ್ಕೊಳ್ಳೋದಾ ಅಂತ ಕೇಳಿದ್ದೆ. ಇಟ್ಟುಕೊಂಡ್ವಿ. ನಾನು, ಮಗಳು ಇಲ್ಲೇ. ಅವಳ ಅಪ್ಪ ಸರಸ್ವತೀಪುರಂನಲ್ಲಿ 11 ತಿಂಗಳ ಕರಾರಿಗೆ ಬಾಡಿಗೆ ಮನೆ ಹಿಡಿದಿದ್ದಾರೆ.

ಕೆಲಸಕ್ಕೆ ಬಂದಿದ್ದು "ಮೊದಲು ಬ್ಯಾಂಕ್, ಆಮೇಲೆ ಒಪ್ಪಂದ" ಅಂದವರ ಸಲಹೆ. ಇದನ್ನು ದಯವಿಟ್ಟು ಗಮನಿಸಿ: ಕಂತು ಯಾರು ಕಟ್ಟಬೇಕು ಅಂತ ಗಂಡ ಹೆಂಡತಿ ಏನೇ ಬರೆದುಕೊಂಡರೂ ಅದು ಬ್ಯಾಂಕನ್ನು ಕಟ್ಟಿಹಾಕಲ್ಲ. ಕಂತು ತಪ್ಪಿದರೆ ಇಬ್ಬರ ಸಿಬಿಲ್ ಸ್ಕೋರೂ (ಸಾಲ ತೀರಿಸಿದ ಇತಿಹಾಸಕ್ಕೆ ಸಿಗುವ ಅಂಕ) ಬೀಳುತ್ತೆ. ಅವರ ಹೆಸರು ತೆಗೆಸಿ ಸಾಲ ನನ್ನ ಮೇಲೆ ತಗೊಳ್ಳೋಣ ಅಂದರೆ, ನನ್ನೊಬ್ಬಳ ಸಂಬಳಕ್ಕೆ ಸಾಲ ಕೂರಲಿಲ್ಲ. ಅಣ್ಣ ಸಹ-ಅರ್ಜಿದಾರರಾಗಿ, ಅವಧಿ ಹೆಚ್ಚಿಸಿದ ಮೇಲೆ ಬ್ಯಾಂಕ್ ಒಪ್ಪಿತು. ಆಮೇಲೆ ಬ್ಯಾಂಕಿನ ಎನ್‌ಒಸಿ (ತಕರಾರಿಲ್ಲ ಅನ್ನೋ ಪತ್ರ) ಹಿಡಿದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಗಳ ಅಪ್ಪನ ಪಾಲಿನ ಹಕ್ಕು ಬಿಡುಗಡೆ ಪತ್ರ ನೋಂದಣಿ, ನಂತರ ಮನೆಯ ಖಾತೆ ಬದಲಾವಣೆ. ಬರೀ ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಮಾಡಿಸಿದರೆ ಹಕ್ಕು ವರ್ಗ ಆಗಲ್ಲ.

ಮಗು ಮನೆಯಲ್ಲೇ ಇರಲಿ, ಅಪ್ಪ ಅಮ್ಮ ವಾರಕ್ಕೊಬ್ಬರು ಬರಲಿ ಅನ್ನೋ ಸಲಹೆ ನಡೆಯಲಿಲ್ಲ. ಕಂತಿನ ಜೊತೆ, ಹೊರಗಿರೋ ವಾರಕ್ಕೆ ಇಬ್ಬರಿಗೂ ಒಂದೊಂದು ಅಂತ ಇನ್ನೂ ಎರಡು ಬಾಡಿಗೆ, ಅಡುಗೆಮನೆಯಲ್ಲಿ ಅದೇ ಜಗಳ.

ಗೊತ್ತೇ ಇರದಿದ್ದ ವಿಷಯ: ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ಇರಬೇಕು. ಆದರೆ ಒಂದೇ ಸೂರಿನಡಿ ಇದ್ದರೂ, ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆ ಇದ್ದ ಹಾಗೇ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಮನೆಯಲ್ಲಿ ಹಿಂಸೆ ಇಲ್ಲದಿದ್ದರೆ, ಅರ್ಜಿಗೋಸ್ಕರ ಅವಸರದಲ್ಲಿ ಅಡ್ವಾನ್ಸ್ ಕೊಟ್ಟು ಮನೆ ಹಿಡಿಯಬೇಕಿಲ್ಲ.