ಅಪ್ಪನ ಪದ್ಮಿನಿಗೆ ಅದೇ ಬಣ್ಣ ಹೊಂದಿಸುವುದು ಹೇಗೆ?

ಬದಿಯಡ್ಕದಿಂದ: ಅಪ್ಪನ 1984ರ ಪ್ರೀಮಿಯರ್ ಪದ್ಮಿನಿ, ಕ್ರೀಮ್ ಬಣ್ಣ. ಎಡ ಬಾಗಿಲಿನ ಅಡಿಯಲ್ಲಿ ಅಂಗೈಯಗಲ ಬಣ್ಣ ಎದ್ದು ತುಕ್ಕು ಕಾಣುತ್ತಿದೆ. ಇಡೀ ಗಾಡಿಗೆ ಹೊಡೆಸಲು ಮನಸ್ಸಿಲ್ಲ. ಅಪ್ಪ ಉಜ್ಜಿ ಉಜ್ಜಿ ಹೊಳೆಸಿದ ಬಣ್ಣ ಅದು. ಅಷ್ಟು ಜಾಗಕ್ಕೆ ಮಾತ್ರ ಹೊಂದಿಸಿ ಹೊಡೆದವರಿದ್ದರೆ ತಿಳಿಸಿ.

ಕುಂಬಳೆಯಿಂದ: ಖಂಡಿತ ಆಗುತ್ತದೆ ಅಣ್ಣಾ. ನನ್ನದು ಅಂಬಾಸಿಡರ್, ಅದೂ ಕ್ರೀಮ್. ಮೊದಲ ಸಲ ನಾನು ಡಿಕ್ಕಿಯ ಬೀಡಿಂಗ್ ಎತ್ತಿ, ಅದರಡಿಯ ಬಿಸಿಲು ಕಾಣದ ಬಣ್ಣ ತೋರಿಸಿ ಕಲಸಿಕೊಂಡು ಬಂದೆ. ಮಡ್‌ಗಾರ್ಡಿಗೆ ಹೊಡೆದರೆ ತೇಪೆ ಹಾಕಿದ ಹಾಗೆ ಎದ್ದು ಕಂಡಿತು. ಇಷ್ಟು ವರ್ಷ ಬಿಸಿಲು ತಿಂದ ಮೈಗೆ ಹೊಸ ಬಣ್ಣ ಎಲ್ಲಿ ಹೊಂದುತ್ತದೆ? ಗಾಡಿ ಈಗ ಯಾವ ಬಣ್ಣದಲ್ಲಿದೆಯೋ ಅದಕ್ಕೇ ಹೊಂದಿಸಬೇಕು.

ಹಾಗಂತ ಮಬ್ಬಾದ ಮೇಲ್ಪದರ ನೋಡಿ ಕಲಸಬೇಡಿ. ತುಕ್ಕಿನ ಪಕ್ಕದ ಜಾಗ ತೊಳೆದು, ಬಿಳಿ ಬಟ್ಟೆಯಲ್ಲಿ ಕಂಪೌಂಡ್ (ಬಣ್ಣ ಉಜ್ಜಿ ಹೊಳೆಸುವ ಪೇಸ್ಟ್) ಹಾಕಿ ಉಜ್ಜಿ. ಬಟ್ಟೆಗೆ ಗಾಡಿಯ ಬಣ್ಣವೇ ಹತ್ತಿದರೆ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಇಲ್ಲ ಎಂದರ್ಥ. ಉಜ್ಜಿದ ಮೇಲೆ ಕಾಣುವ ಬಣ್ಣವನ್ನೇ ಹಿಡಿಯಿರಿ. ಕಲಸಿದ್ದನ್ನು ಡಬ್ಬಿಯಲ್ಲಿ ನೋಡಿ ಒಪ್ಪಬೇಡಿ, ಒಣಗಿದಾಗ ಬದಲಾಗುತ್ತದೆ. ತಗಡಿನ ತುಂಡಿಗೆ ಹೊಡೆದು, ಪೂರ್ತಿ ಒಣಗಿಸಿ, ಬಾಗಿಲಿಗೆ ಒತ್ತಿ ಹಿಡಿದು ಹಗಲು ಬೆಳಕಲ್ಲಿ ನೋಡಿ. ಟ್ಯೂಬ್‌ಲೈಟಿನಡಿ ಒಂದೇ ಅನಿಸಿದ್ದು ಅಂಗಳಕ್ಕೆ ತಂದಾಗ ಬೇರೆಯೇ ಇರಬಹುದು. ನನಗೆ ಹೊಂದಿದ್ದು ನಾಲ್ಕನೇ ತಗಡು, ಅದೂ ಎರಡು ಹನಿ ಕಪ್ಪು ಬೆರೆಸಿದ ಮೇಲೆ.

ಮಂಜೇಶ್ವರದಿಂದ: ತುಕ್ಕಿನ ಬಗ್ಗೆ ನಾನು ಹೇಳುತ್ತೇನೆ. ನಮ್ಮದು ಕಡಲ ಬದಿ, ಉಪ್ಪು ಗಾಳಿ. ಹೊರಗೆ ಕಾಣುವುದಕ್ಕಿಂತ ಬಣ್ಣದಡಿ ಜಾಸ್ತಿ ಹರಡಿರುತ್ತದೆ. ಬಾಗಿಲಿನ ಅಡಿಯಲ್ಲಿ ನೀರು ಇಳಿಯುವ ತೂತುಗಳಿವೆ, ಅಲ್ವಾ? ಮೊದಲು ಅವನ್ನು ನೋಡಿ. ಅವು ಕಟ್ಟಿಕೊಂಡಿದ್ದರೆ ತುಕ್ಕು ಒಳಗಿಂದಲೇ ಬರುತ್ತಿದೆ, ಹೊರಗೆ ಎಷ್ಟು ಹೊಡೆದರೂ ಸುಮ್ನೆ. ಹೊಳೆಯುವ ತಗಡು ಕಾಣುವವರೆಗೆ ಕೆರೆದು ಎಪಾಕ್ಸಿ ಪ್ರೈಮರ್ (ತಗಡಿಗೆ ತೇವ ತಾಗದಂತೆ ಹಾಕುವ ಅಡಿಪದರ) ಹಾಕಿ, ಆಮೇಲೆ ಪುಟ್ಟಿ.

ಎನ್‌ಸಿ (ನೈಟ್ರೋಸೆಲ್ಯುಲೋಸ್, ಬೇಗ ಒಣಗುವ ಬಗೆ) ಬಣ್ಣವಾದರೆ ಮಳೆಗಾಲದಲ್ಲಿ ಬೇಡವೇ ಬೇಡ. ತಿನ್ನರ್ ಬೇಗ ಆರುವಾಗ ತಗಡು ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಜುಲೈಯಲ್ಲಿ ನಾನು ಹೊಡೆದದ್ದು ಕಣ್ಣೆದುರೇ ಮಂಜು ಕವಿದ ಹಾಗೆ ಬಿಳಿಚಿತು. ಡಿಸೆಂಬರ್‌ವರೆಗೆ ಕಾದು ಮತ್ತೆ ಹೊಡೆದೆ. ಹಳೆಯದು ಎನಾಮೆಲ್ ಆಗಿದ್ದರೆ ಎನ್‌ಸಿ ತಿನ್ನರ್ ತಾಗಿ ಸುಕ್ಕಾಗುತ್ತದೆ, ಮರೆಯಲ್ಲಿರುವ ಮೂಲೆಯಲ್ಲಿ ಬಟ್ಟೆಗೆ ಆ ತಿನ್ನರ್ ಹಚ್ಚಿ ಒರಸಿ ನೋಡಿ.

ಕುಂಬಳೆಯಿಂದ: ಒಂದು ಮರೆತೆ. ತೇಪೆಯ ಅಂಚಿಗೇ ಟೇಪ್ ಅಂಟಿಸಬೇಡಿ, ಗೆರೆ ಉಳಿಯುತ್ತದೆ. ಸುತ್ತ ತೆಳುವಾಗಿ ಹರಡುತ್ತಾ ಹೋಗಿ. ಚೆನ್ನಾಗಿ ಗಟ್ಟಿಯಾದ ಮೇಲೆ 2000 ನಂಬ್ರದ ವಾಟರ್ ಪೇಪರಿಗೆ ಸೋಪು ನೀರು ಹಾಕಿ ಹಗುರವಾಗಿ ಉಜ್ಜಿ, ಕೊನೆಗೆ ಕಂಪೌಂಡ್.

ಬದಿಯಡ್ಕದಿಂದ: ಇವತ್ತು ಬೆಳಗ್ಗೆ ತಂತಿ ಹಾಕಿ ಬಾಗಿಲಿನ ತೂತು ಬಿಡಿಸಿದೆ. ಒಂದು ಹಿಡಿ ಒದ್ದೆ ಮಣ್ಣು, ಕೊಳೆತ ಎಲೆ ಬಂತು. ಮಳೆ ಮುಗಿಯುವವರೆಗೆ ಕೆರೆದು ಪ್ರೈಮರ್ ಹಾಕಿಟ್ಟು, ಬಣ್ಣ ಡಿಸೆಂಬರಿನಲ್ಲಿ ಹೊಡೆಯುತ್ತೇನೆ. ಇಬ್ಬರಿಗೂ ತುಂಬಾ ಉಪಕಾರವಾಯಿತು.